ವಾಹನದ ಹುಟ್ಟುದೋಷ ಮತ್ತು ಕಂಪನಿಯ ವಾಪಸು ಕರೆ

ಬೆಳೆಗಾರ ಬಂಧುಗಳಲ್ಲಿ ವಾಹನವಿಲ್ಲದ ಮನೆ ಈಗ ಅಪರೂಪ. ಸಾಲಿಗ್ರಾಮ, ಕೃಷ್ಣರಾಜನಗರದ ಕಡೆ ಅಡಿಕೆ ಗೊನೆ ಸಾಗಿಸಲು ಪಿಕಪ್ ಬೇಕು. ಪಿರಿಯಾಪಟ್ಟಣದ ಕಡೆಯವರು ಕಾಫಿ ಚೀಲ ಹೇರಿಕೊಂಡು ಕುಶಾಲನಗರಕ್ಕೆ ಹೋಗಲು ಜೀಪು ಬೇಕು. ಮನೆಗೂ ತೋಟಕ್ಕೂ ಓಡಾಡಲು ಮೋಟಾರ್ ಸೈಕಲ್ ಬೇಕು. ಹೀಗೆ ನಮ್ಮ ದುಡಿಮೆಯ ಅರ್ಧ ಭಾಗ ಚಕ್ರದ ಮೇಲೆಯೇ ನಿಂತಿದೆ. ಆದುದರಿಂದ ಗಿಡದ ರೋಗ ತಿಳಿದಷ್ಟೇ ವಾಹನದ ರೋಗವನ್ನೂ ತಿಳಿದಿರುವುದು ಅಗತ್ಯ.

ಒಂದು ಹೋಲಿಕೆಯಿಂದ ಆರಂಭಿಸೋಣ. ನರ್ಸರಿಯ ಒಂದೇ ಮಡಿಯಲ್ಲಿ ಬೆಳೆದ ಅಡಿಕೆ ಸಸಿಗಳನ್ನು ಹತ್ತು ಮಂದಿ ಕೊಂಡು ನೆಟ್ಟಿದ್ದಾರೆ ಎನ್ನಿ. ಇಬ್ಬರ ತೋಟದಲ್ಲಿ ಸಸಿಗಳು ಬೇರಿನಿಂದಲೇ ಕೊಳೆತವು. ಆಗ ಉಳಿದ ಎಂಟು ಮಂದಿಗೂ ಸುದ್ದಿ ಮುಟ್ಟಿಸಬೇಕಾದದ್ದು ನರ್ಸರಿಯವರ ಧರ್ಮ. ಅವರ ಸಸಿಗಳು ಇಂದು ಹಸಿರಾಗಿ ಕಂಡರೂ ರೋಗ ಮಡಿಯಲ್ಲೇ ಅಂಟಿರಬಹುದು. ವಾಹನದ ವಿಷಯದಲ್ಲಿಯೂ ಹೀಗೆಯೇ. ಒಂದು ತಂಡದಲ್ಲಿ ತಯಾರಾದ ವಾಹನಗಳಲ್ಲಿ ಅಪಾಯಕಾರಿ ದೋಷವಿರಬಹುದೆಂದು ಗೊತ್ತಾದಾಗ, ಕಂಪನಿಯು ಅವುಗಳನ್ನೆಲ್ಲ ಹಿಂದಕ್ಕೆ ಕರೆಸಿ ಪರೀಕ್ಷಿಸಿ, ದೋಷವಿರುವ ಭಾಗವನ್ನು ಖರ್ಚಿಲ್ಲದೆ ಬದಲಾಯಿಸಿಕೊಡುತ್ತದೆ. ಇದನ್ನೇ ವಾಪಸು ಕರೆ ಅಥವಾ ರೀಕಾಲ್ ಎನ್ನುತ್ತಾರೆ.

ಸವೆತ ಬೇರೆ, ಹುಟ್ಟುದೋಷ ಬೇರೆ

ಟೈರು ಸವೆಯುವುದು, ಬ್ರೇಕಿನ ಲೈನರ್ ತೆಳುವಾಗುವುದು, ಬ್ಯಾಟರಿ ಇಳಿಯುವುದು ಬಳಕೆಯಿಂದ ಬರುವ ಸವೆತ. ಅದರ ಹೊಣೆ ಮಾಲೀಕರದು. ಹುಟ್ಟುದೋಷವಾದರೋ ಕಾರ್ಖಾನೆಯಿಂದಲೇ ಬಂದದ್ದು. ನೀವು ಎಷ್ಟೇ ಜೋಪಾನ ಮಾಡಿದರೂ ಅದು ಇದ್ದೇ ಇರುತ್ತದೆ. ಮೇಲೆ ಕಾಣಿಸಿಕೊಳ್ಳದೆಯೂ ಇರಬಹುದು. ಅಂಥ ದೋಷಗಳು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ನಕ್ಷೆಯ ದೋಷ. ಭಾಗವನ್ನು ಯೋಚಿಸಿ ರೂಪಿಸುವಾಗಲೇ ತಪ್ಪಾಗಿರುತ್ತದೆ. ಎರಡನೆಯದು ಬಿಡಿಭಾಗದ ದೋಷ. ನಕ್ಷೆ ಸರಿಯಿದ್ದರೂ ಬಿಡಿಭಾಗ ಪೂರೈಸಿದವರ ಒಂದು ತಂಡದ ಮಾಲು ಕೆಟ್ಟಿರುತ್ತದೆ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯು ಮೀಟಿಯರ್, ಕ್ಲಾಸಿಕ್ ಮತ್ತು ಬುಲೆಟ್ 350 ಮಾದರಿಗಳ 2,36,966 ಬೈಕುಗಳನ್ನು ಕರೆಸಿತು. ಕಾರಣ, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನ ದೋಷ. ಅದರಿಂದ ಎಂಜಿನ್ ತಡವರಿಸುವ, ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಆಗುವ ಸಾಧ್ಯತೆಯಿತ್ತು.

ಮೂರನೆಯದು ಜೋಡಣೆಯ ದೋಷ. ಭಾಗ ಸರಿಯಿದ್ದರೂ ಕೂರಿಸುವುದರಲ್ಲಿ ತಪ್ಪಿರುತ್ತದೆ. 2021ರಲ್ಲಿ ಮಹೀಂದ್ರ ಕಂಪನಿಯು 29,878 ಪಿಕಪ್ ವಾಹನಗಳನ್ನು ಕರೆಸಿತು. 2020ರ ಜನವರಿಯಿಂದ 2021ರ ಫೆಬ್ರವರಿವರೆಗೆ ತಯಾರಾದ ಆ ವಾಹನಗಳಲ್ಲಿ ದ್ರವ ಹರಿಯುವ ಒಂದು ಕೊಳವೆಯ ಜೋಡಣೆ ಸರಿಯಿಲ್ಲವೆಂಬ ಸಂಶಯವಿತ್ತು. ಅದೇ ವರ್ಷ ಅದೇ ಕಂಪನಿಯ ನಾಸಿಕ್ ಕಾರ್ಖಾನೆಗೆ ಬಂದ ಕಲುಷಿತ ಇಂಧನದ ಕಾರಣ, ಜೂನ್ 21ರಿಂದ ಜುಲೈ 2ರ ನಡುವೆ ತಯಾರಾದ 600ಕ್ಕೂ ಕಡಿಮೆ ಡೀಸೆಲ್ ವಾಹನಗಳನ್ನು ತಪಾಸಣೆಗೆ ಕರೆಸಲಾಯಿತು. ಹನ್ನೆರಡು ದಿನಗಳ ತಪ್ಪನ್ನು ಹುಡುಕಿ ಹಿಡಿಯಲು ಸಾಧ್ಯವಾದದ್ದು ಪ್ರತಿ ವಾಹನಕ್ಕೂ ಒಂದು ಸಂಖ್ಯೆ ಇರುವುದರಿಂದ. ಆ ಸಂಖ್ಯೆಯ ವಿಷಯ ಮುಂದೆ ಬರುತ್ತದೆ.

ಬಿಡದಿಯ ಉದಾಹರಣೆ

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯನ್ನು ಸದಸ್ಯರಲ್ಲಿ ಹಲವರು ಬಲ್ಲರು. ಅಲ್ಲಿ ತಯಾರಾದ ಇನ್ನೋವಾ ವಾಹನಗಳಲ್ಲಿ ಸುಮಾರು 45 ಸಾವಿರವನ್ನು 2014ರಲ್ಲಿ ಕರೆಸಲಾಯಿತು. ದೋಷವಿದ್ದದ್ದು ಸ್ಟಿಯರಿಂಗ್ ಚಕ್ರದೊಳಗಿನ ಸುರುಳಿ ತಂತಿಯಲ್ಲಿ. ಚಕ್ರ ತಿರುಗಿದಂತೆಲ್ಲ ಸುತ್ತಿ ಬಿಚ್ಚಿಕೊಳ್ಳುವ ಈ ತಂತಿಯ ಮೂಲಕವೇ ಚಾಲಕನ ಗಾಳಿಚೀಲಕ್ಕೆ, ಅಂದರೆ ಏರ್‌ಬ್ಯಾಗಿಗೆ, ವಿದ್ಯುತ್ ಹೋಗುತ್ತದೆ. ತಂತಿಯ ಸಂಪರ್ಕ ಕಡಿದರೆ ವಾಹನ ಎಂದಿನಂತೆಯೇ ಓಡುತ್ತದೆ. ಡಿಕ್ಕಿಯ ಕ್ಷಣದಲ್ಲಿ ಮಾತ್ರ ಗಾಳಿಚೀಲ ತೆರೆಯುವುದಿಲ್ಲ. ಹಲವು ವರ್ಷ ಓಡಿದ ಗಾಡಿಗಳಿಗೂ ಈ ಕರೆ ಬಂದದ್ದನ್ನು ಗಮನಿಸಬೇಕು. ಹಳೆಯ ಗಾಡಿಗೆ ವಾಪಸು ಕರೆ ಬಾರದೆಂಬ ನಂಬಿಕೆ ಸರಿಯಲ್ಲ.

2023ರ ಜನವರಿಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಗಾಳಿಚೀಲವನ್ನು ನಿಯಂತ್ರಿಸುವ ಪೆಟ್ಟಿಗೆಯಲ್ಲಿ ದೋಷದ ಸಂಶಯ ಬಂದು ಮಾರುತಿ ಸುಜುಕಿ 17,362 ವಾಹನಗಳನ್ನೂ, ಟೊಯೋಟಾ 1,390 ವಾಹನಗಳನ್ನೂ ಕರೆಸಿದವು. ಆಲ್ಟೊ, ಈಕೋ, ಬ್ರೆಜಾ, ಗ್ಲಾನ್ಜಾ, ಬಿಡದಿಯಲ್ಲೇ ತಯಾರಾಗುವ ಹೈರೈಡರ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಹೆಸರು, ಬೆಲೆ, ಕಂಪನಿ ಬೇರೆ ಬೇರೆಯಾದರೂ ಒಳಗಿನ ಪೆಟ್ಟಿಗೆ ಒಂದೇ ಬಗೆಯದು. ಭಾಗ ಬದಲಾಯಿಸುವ ತನಕ ವಾಹನವನ್ನು ಓಡಿಸಬೇಡಿರೆಂದು ಮಾರುತಿ ಸುಜುಕಿ ಸೂಚಿಸಿತು. ಅಂಥ ಸೂಚನೆ ಬಂದಾಗ 'ಕೊಯ್ಲು ಮುಗಿಯಲಿ, ನೋಡೋಣ' ಎನ್ನುವುದು ಸಲ್ಲದು.

ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕಾಣುವ ಈಕೋ ವಾಹನಕ್ಕೆ 2023ರ ಜುಲೈಯಲ್ಲಿ ಮತ್ತೊಂದು ಕರೆ ಬಂತು. ಈಕೋ ಮತ್ತು ಎಸ್-ಪ್ರೆಸೊ ಸೇರಿ 87,599 ವಾಹನಗಳು. ಸ್ಟಿಯರಿಂಗ್‌ನ ಟೈ ರಾಡ್ ಅಪರೂಪಕ್ಕೆ ಮುರಿಯಬಹುದೆಂಬುದು ಕಾರಣ. ಟೈ ರಾಡ್ ಮುರಿದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳದು. ತಿರುವಿನಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ಬೇರೊಂದಿಲ್ಲ.

ತೇವ, ಸೆಕೆ ಮತ್ತು ಬೆಂಕಿ

ಜಗತ್ತಿನಲ್ಲಿ ಅತಿ ದೊಡ್ಡ ವಾಪಸು ಕರೆಯು ಜಪಾನಿನ ತಕಾಟಾ ಕಂಪನಿಯ ಗಾಳಿಚೀಲಗಳಿಗೆ ಸಂಬಂಧಿಸಿದ್ದು. ಚೀಲವನ್ನು ಕ್ಷಣದಲ್ಲಿ ಉಬ್ಬಿಸಲು ಆ ಕಂಪನಿಯು ಅಮೋನಿಯಂ ನೈಟ್ರೇಟ್ ಬಳಸುತ್ತಿತ್ತು. ಗೊಬ್ಬರವಾಗಿಯೂ ಬಳಕೆಯಲ್ಲಿರುವ ಈ ವಸ್ತು ತೇವ ಹೀರುತ್ತದೆ. ವರ್ಷಾನುಗಟ್ಟಲೆ ತೇವ ಮತ್ತು ಬಿಸಿಯ ಏರಿಳಿತಕ್ಕೆ ಸಿಕ್ಕಿದಾಗ ಅದರ ಬಿಲ್ಲೆಗಳು ಹದಗೆಟ್ಟು, ಉರಿಯಬೇಕಾದದ್ದಕ್ಕಿಂತ ವೇಗವಾಗಿ ಉರಿಯುತ್ತಿದ್ದವು. ಆಗ ಲೋಹದ ಕವಚ ಸಿಡಿದು, ಕಾಪಾಡಬೇಕಾದ ಚೀಲವೇ ಚೂರುಗಳನ್ನು ಮುಖಕ್ಕೆ ಎರಚುತ್ತಿತ್ತು. ತಕಾಟಾ 2017ರಲ್ಲಿ ದಿವಾಳಿಯಾಯಿತು. ನಮ್ಮ ದೇಶದಲ್ಲಿ ಹೋಂಡಾ ಕಂಪನಿಯು 2018ರ ಜನವರಿಯಲ್ಲಿ 22,834 ಕಾರುಗಳನ್ನು ಇದೇ ಕಾರಣಕ್ಕೆ ಕರೆಸಿತು. ಸೆಕೆ ಮತ್ತು ತೇವ ಹೆಚ್ಚಿರುವ ಸೀಮೆಯವರು ಹಳೆಯ ಕಾರು ಕೊಳ್ಳುವಾಗ ಇದನ್ನು ನೆನಪಿಡಬೇಕು.

ವಿದ್ಯುತ್ ಸ್ಕೂಟರುಗಳ ವಿಷಯವನ್ನೂ ಹೇಳಬೇಕು. 2022ರ ಮಾರ್ಚಿಯಲ್ಲಿ ಪುಣೆಯಲ್ಲಿ ನಿಂತಿದ್ದ ಸ್ಕೂಟರೊಂದು ಹೊತ್ತಿ ಉರಿದ ಮೇಲೆ, ಬೆಂಗಳೂರು ಮೂಲದ ಓಲಾ ಎಲೆಕ್ಟ್ರಿಕ್ ಕಂಪನಿಯು ಏಪ್ರಿಲಿನಲ್ಲಿ 1,441 ಸ್ಕೂಟರುಗಳನ್ನು ತಪಾಸಣೆಗೆ ಕರೆಸಿತು. ಅದೇ ತಿಂಗಳು ಒಕಿನಾವಾ 3,215 ಮತ್ತು ಪ್ಯೂರ್ ಇವಿ 2,000 ವಾಹನಗಳನ್ನು ಕರೆಸಿದವು. ಲಿಥಿಯಂ ಬ್ಯಾಟರಿಯ ಒಂದು ಕೋಶ ಮಿತಿಮೀರಿ ಕಾದರೆ ಪಕ್ಕದ ಕೋಶಕ್ಕೆ ಬಿಸಿ ಹರಡಿ ಬೆಂಕಿ ತಡೆಯಲಾಗದಂತಾಗುತ್ತದೆ. ಈ ಘಟನೆಗಳ ನಂತರ ಸರ್ಕಾರವು ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು 2022ರ ಡಿಸೆಂಬರಿನಿಂದ ಹಂತಹಂತವಾಗಿ ಬಿಗಿಗೊಳಿಸಿತು. ಅಡಿಕೆ ಒಣಗಿಸಿಟ್ಟ ಕೊಟ್ಟಿಗೆಯಲ್ಲಾಗಲಿ, ಗೋಣಿ ರಾಶಿಯ ಪಕ್ಕದಲ್ಲಾಗಲಿ ಇಂಥ ಗಾಡಿಯನ್ನು ಚಾರ್ಜಿಗೆ ಹಾಕಿ ಮಲಗಬಾರದು.

ಕಾನೂನು ಏನು ಹೇಳುತ್ತದೆ?

ಬಹಳ ಕಾಲ ನಮ್ಮ ದೇಶದಲ್ಲಿ ವಾಪಸು ಕರೆಯು ಕಂಪನಿಯ ಮರ್ಜಿಗೆ ಬಿಟ್ಟ ಸಂಗತಿಯಾಗಿತ್ತು. 2012ರಲ್ಲಿ ವಾಹನ ತಯಾರಕರ ಸಂಘವು ತಾನೇ ಒಂದು ಸ್ವಯಂ ನಿಯಮಾವಳಿ ಮಾಡಿಕೊಂಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು 110ಎ ಕಲಮನ್ನು ಸೇರಿಸಿದ ಮೇಲೆ ಕೇಂದ್ರ ಸರ್ಕಾರಕ್ಕೆ ಆಜ್ಞೆ ಮಾಡುವ ಅಧಿಕಾರ ಬಂತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ವಾಹನದ ದೋಷವು ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯ ಇತರರಿಗೆ ಅಥವಾ ಪರಿಸರಕ್ಕೆ ಹಾನಿ ತರುವಂಥದ್ದಾದರೆ ಸರ್ಕಾರ ವಾಪಸು ಕರೆಗೆ ಆಜ್ಞಾಪಿಸಬಹುದು. ನಿಗದಿತ ಪ್ರಮಾಣದ ಮಾಲೀಕರು ದೂರು ಕೊಟ್ಟಾಗ ಅಥವಾ ಪರೀಕ್ಷಾ ಸಂಸ್ಥೆ ವರದಿ ಮಾಡಿದಾಗ ಈ ಕ್ರಮಕ್ಕೆ ದಾರಿಯಾಗುತ್ತದೆ. ಕಂಪನಿಯು ಭಾಗವನ್ನು ರಿಪೇರಿ ಮಾಡಿಕೊಡಬೇಕು, ಇಲ್ಲವೆ ಅಂಥದ್ದೇ ವಾಹನ ಕೊಡಬೇಕು, ಇಲ್ಲವೆ ಹಣ ಹಿಂದಿರುಗಿಸಬೇಕು. ದೋಷವನ್ನು ಕಂಪನಿ ತಾನಾಗಿಯೇ ತಿಳಿಸಿ ಕರೆಸಿಕೊಂಡರೆ ದಂಡವಿಲ್ಲ. ತಯಾರಾಗಿ ಏಳು ವರ್ಷ ಮೀರದ ವಾಹನಗಳಿಗೆ ಈ ಆಜ್ಞೆ ಅನ್ವಯಿಸುತ್ತದೆ.

ಇಲ್ಲಿ ಒಬ್ಬೊಬ್ಬರ ದೂರಿಗೂ ಬೆಲೆಯಿದೆ ಎಂಬುದೇ ಮುಖ್ಯ ಪಾಠ. ಹತ್ತಾರು ಮಾಲೀಕರು ತಮ್ಮತಮ್ಮ ಊರಿನ ಗ್ಯಾರೇಜಿನಲ್ಲಿ ಸದ್ದಿಲ್ಲದೆ ರಿಪೇರಿ ಮಾಡಿಸಿಕೊಂಡರೆ ಲೆಕ್ಕ ಎಲ್ಲಿಯೂ ಕೂಡುವುದಿಲ್ಲ, ದೋಷ ಬಯಲಿಗೆ ಬರುವುದಿಲ್ಲ.

ಪತ್ರ ನಮಗೆ ತಲುಪದಿರುವುದೇಕೆ?

ನಮ್ಮಲ್ಲಿ ಬಹುಮಂದಿ ಕೊಳ್ಳುವುದು ಎರಡನೇ ಕೈಯ, ಮೂರನೇ ಕೈಯ ಗಾಡಿ. ಕಂಪನಿಯು ಕಾಗದ ಬರೆಯುವುದು ಅಥವಾ ಫೋನ್ ಮಾಡುವುದು ತನ್ನ ದಾಖಲೆಯಲ್ಲಿರುವ ಮಾಲೀಕನಿಗೆ. ಮೈಸೂರಿನ ಮೊದಲ ಮಾಲೀಕ ಗಾಡಿ ಮಾರಿ ಎಷ್ಟೋ ವರ್ಷವಾಗಿರುತ್ತದೆ. ಕಾಗದ ಅವನ ಹಳೆಯ ಬಾಡಿಗೆ ಮನೆಗೆ ಹೋಗಿ ನಿಲ್ಲುತ್ತದೆ. ಗಾಡಿ ಮಾತ್ರ ಇತ್ತ ನಮ್ಮ ಏರಿಯ ಮೇಲೆ ಓಡುತ್ತಿರುತ್ತದೆ. ಅದರ ಮೇಲೆ, ಹೆಸರು ಬದಲಾಯಿಸದೆ ಬರಿಯ ಸಹಿ ಹಾಕಿದ ಕಾಗದ ಇಟ್ಟುಕೊಂಡು ಓಡಿಸುವವರೂ ಇದ್ದಾರೆ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಕಾಯಿದೆಯಿದೆ. ಇದನ್ನು ಪಾಲಿಸದಿದ್ದರೆ ಅಪಘಾತದ ದಿನ ಇಬ್ಬರಿಗೂ ತೊಂದರೆ.

ಸದಸ್ಯರು ಮಾಡಬೇಕಾದದ್ದು

1. ನೋಂದಣಿ ಪತ್ರ ತೆಗೆದು ಚಾಸಿಸ್ ಸಂಖ್ಯೆಯನ್ನು ಬರೆದುಕೊಳ್ಳಿ. ಅದರಲ್ಲಿ ಅಕ್ಷರ ಮತ್ತು ಅಂಕಿ ಸೇರಿ 17 ಇರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಇದರಲ್ಲಿ ಬಳಸುವುದಿಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ ಎಂದು ತಿಳಿಯಿರಿ.

2. ಆ ಸಂಖ್ಯೆಯನ್ನು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, 'ಈ ಗಾಡಿಗೆ ಬಾಕಿ ಇರುವ ವಾಪಸು ಕರೆ ಉಂಟೇ?' ಎಂದು ಕೇಳಿ. ಹಲವು ಕಂಪನಿಗಳ ಜಾಲತಾಣದಲ್ಲಿಯೂ ನೋಡಬಹುದು. ಓದಲು ಹೋದ ಮಕ್ಕಳಿಂದ ಈ ಕೆಲಸ ಮಾಡಿಸಿಕೊಳ್ಳಿ.

3. ಹಳೆಯ ಗಾಡಿ ಕೊಳ್ಳುವ ಮುನ್ನವೇ ಇದನ್ನು ವಿಚಾರಿಸಿ. ಕೊಂಡ ಮೇಲೆ ನಿಮ್ಮ ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನು ಸರ್ವಿಸ್ ಕೇಂದ್ರದಲ್ಲಿಯೂ ಬರೆಸಿ.

4. ವಾಪಸು ಕರೆಯ ಕೆಲಸಕ್ಕೆ ಹಣ ಕೊಡಬೇಕಾಗಿಲ್ಲ. ವಾರಂಟಿ ಮುಗಿದಿದೆ ಎಂಬ ಕಾರಣಕ್ಕೆ ಅದನ್ನು ನಿರಾಕರಿಸಿದರೆ ಲಿಖಿತ ಉತ್ತರ ಕೇಳಿ.

5. ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುವುದು, ಪೆಟ್ರೋಲ್ ವಾಸನೆ, ಸ್ಟಿಯರಿಂಗಿನಲ್ಲಿ ಸಡಿಲ, ಕೀಲಿ ತಿರುಗಿಸಿ ಕೆಲವು ಕ್ಷಣವಾದರೂ ಆರದ ಗಾಳಿಚೀಲದ ದೀಪ, ಇವನ್ನು ಅಲಕ್ಷಿಸಬೇಡಿ.

6. ಮುರಿದ ಭಾಗವನ್ನು ಗುಜರಿಗೆ ಹಾಕದೆ ಬಿಲ್ಲಿನ ಜೊತೆ ತೆಗೆದಿರಿಸಿ, ಚಿತ್ರ ತೆಗೆಸಿ. ನಾಳೆ ದೂರಿಗೆ ಅದೇ ಸಾಕ್ಷಿ.

7. ದೋಷವನ್ನು ಕಂಪನಿಗೆ ಬರಹದಲ್ಲಿ ತಿಳಿಸಿ. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಜಾಲತಾಣದಲ್ಲಿ ದೂರು ದಾಖಲಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೋಷದಿಂದ ನಷ್ಟವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡ ಗಾಡಿಯವರೂ ಗ್ರಾಹಕರೇ.

ನಮ್ಮ ಕಡೆಯ ಹೊಣೆ

ಎಲ್ಲ ತಪ್ಪನ್ನೂ ಕಂಪನಿಯ ಮೇಲೆ ಹೊರಿಸುವಂತಿಲ್ಲ. ಹೆಚ್ಚು ಹೇರಲೆಂದು ಪಟ್ಟಾಗೆ ಇನ್ನೆರಡು ಎಲೆ ಸೇರಿಸಿದರೆ ಹೇರು ತಡೆದೀತು, ಬ್ರೇಕು ತಡೆಯಬೇಕಲ್ಲ? ಬ್ರೇಕನ್ನು ಮೂಲ ಭಾರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಹೀಗೆ ಮಾರ್ಪಡಿಸಿದ ಗಾಡಿಯಲ್ಲಿ ಹುಟ್ಟುದೋಷವನ್ನು ಸಾಬೀತು ಮಾಡುವುದೂ ಕಷ್ಟ.

ಕೊನೆಯದಾಗಿ, ಕೊಯ್ಲಿನ ಕಾಲದಲ್ಲಿ ಪಿಕಪ್ಪಿನ ಹಿಂದೆ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವ ರೂಢಿ. ಸರಕು ಗಾಡಿಯಲ್ಲಿ ಹಾಗೆ ಹೋದವರಿಗೆ ವಿಮೆಯ ರಕ್ಷಣೆ ಸಿಗದೆ ಪರಿಹಾರದ ಭಾರವೆಲ್ಲ ಮಾಲೀಕರ ಮೇಲೆ ಬಿದ್ದ ಪ್ರಕರಣಗಳಿವೆ. ಹಣದ ಮಾತು ಹಾಗಿರಲಿ. ಒಂದು ಕೊಳವೆ ಸೋರಿದರೆ, ಒಂದು ರಾಡ್ ಮುರಿದರೆ, ಹಿಂದೆ ನಿಂತವರಿಗೆ ಬೆಲ್ಟೂ ಇಲ್ಲ, ಗಾಳಿಚೀಲವೂ ಇಲ್ಲ. ತೋಟದ ಮಾಲೀಕರನ್ನು ನಂಬಿ ಗಾಡಿ ಹತ್ತಿದವರು ಅವರು.

ಈ ಸಂಚಿಕೆ ಕೈಸೇರಿದ ದಿನವೇ ನೋಂದಣಿ ಪತ್ರ ಹುಡುಕಿ ಆ 17 ಅಕ್ಷರಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಸದಸ್ಯರಲ್ಲಿ ಕೋರಿಕೆ. ಮುಂದಿನ ಬಾರಿ ಪೇಟೆಗೆ ಹೋದಾಗ ಸರ್ವಿಸ್ ಕೇಂದ್ರದಲ್ಲಿ ಅರ್ಧ ಗಂಟೆ ಕಳೆದರೆ ಕೆಲಸ ಮುಗಿಯಿತು. ಓದು ಬಾರದ ನೆರೆಯವರ ಗಾಡಿಯ ಸಂಖ್ಯೆಯನ್ನೂ ಜೊತೆಗೆ ಕೊಂಡುಹೋದರೆ ಅದೇ ನಿಜವಾದ ಸಹಕಾರ.