ದುಡಿಮೆಯ ಕಲಿಕೆಗೆ ಕಥೆಯ ದಾರಿ

ಉದ್ಯೋಗ ತರಬೇತಿಯ ಯಾವುದೇ ಯೋಜನೆಗೆ ಎರಡು ಕಾರ್ಯಗಳಿವೆ. ಒಂದು, ಕಸುಬನ್ನು ಕಲಿಸುವುದು. ಇನ್ನೊಂದು, ಕಲಿಯಬೇಕಾದವರನ್ನು ಶಿಬಿರದ ಬಾಗಿಲಿಗೆ ಕರೆತರುವುದು. ಈ ಎರಡನೆಯ ಕಾರ್ಯದಲ್ಲಿ ಕಥನಕ್ಕಿರುವ ಸ್ಥಾನವನ್ನು ತೆಂಗು ಕಂಗುಗಳ ನಾಡಾದ ಕಾಸರಗೋಡಿನ ನಿದರ್ಶನದಿಂದ ಪರಿಶೀಲಿಸಬಹುದು.

ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಆರಂಭವಾದುದು 1916ರಲ್ಲಿ. 1970ರಲ್ಲಿ ಇಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪುಗೊಂಡಿತು. ತಳಿ, ಗೊಬ್ಬರ, ರೋಗಗಳ ಕುರಿತ ಜ್ಞಾನ ಬೆಳೆಯಿತು. ಆದರೆ ಮರವೇರುವ ಕೈಗಳು ಕಡಿಮೆಯಾದವು. ಮಳೆಗಾಲದಲ್ಲಿ ಸಕಾಲಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರಿಲ್ಲದಿದ್ದರೆ ಅಡಿಕೆ ಫಸಲು ಕೊಳೆರೋಗದ ಪಾಲಾಗುತ್ತದೆ. ಯುವಕರು ಹಿಂಜರಿದುದಕ್ಕೆ ಎತ್ತರದ ಭಯವೊಂದೇ ಕಾರಣವಲ್ಲ. ಈ ಕಸುಬನ್ನು ಸಮಾಜ ಕೀಳಾಗಿ ಕಂಡುದೂ ಕಾರಣ.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ಯೋಜನೆ ಈ ಮನೋಭಾವವನ್ನೇ ತಿದ್ದಲು ಹೊರಟಿತು. ಆರು ದಿನಗಳ ತರಬೇತಿ, ಮರವೇರುವ ಯಂತ್ರ, ಅಪಘಾತ ವಿಮೆ, ಮಹಿಳೆಯರಿಗೂ ಅವಕಾಶ — ಇವು ಅದರ ಅಂಗಗಳು. ಅದಕ್ಕಿಟ್ಟ ಹೆಸರು ‘ತೆಂಗಿನ ಮರದ ಸ್ನೇಹಿತರು’. ‘ಮರ ಹತ್ತುವವನು’ ಎಂಬಲ್ಲಿ ಕೆಲಸ ಮಾತ್ರವಿದೆ. ‘ಸ್ನೇಹಿತ’ ಎಂಬಲ್ಲಿ ಸಂಬಂಧವಿದೆ, ಗೌರವವಿದೆ. ಕಥೆ ಆರಂಭವಾಗುವುದೇ ಇಂತಹ ಹೆಸರಿನಿಂದ.

‘ಇಷ್ಟು ಮಂದಿಗೆ ತರಬೇತಿ ನೀಡಲಾಯಿತು’ ಎಂಬ ವರದಿ ಕಚೇರಿಗೆ ಸಾಕು, ಮನೆಯವರಿಗೆ ಸಾಲದು. ಮಗಳನ್ನು ಶಿಬಿರಕ್ಕೆ ಕಳುಹಿಸಬೇಕಾದ ತಾಯಿ ಕೇಳುವುದು ಬೇರೆಯೇ ಪ್ರಶ್ನೆ: ‘ನಮ್ಮಂಥವರ ಮಕ್ಕಳು ಯಾರಾದರೂ ಹೋಗಿದ್ದಾರೆಯೇ? ಅವರಿಗೆ ಏನಾಯಿತು?’ ಇದಕ್ಕೆ ಉತ್ತರ ಅನುಭವ ಕಥನದಲ್ಲಿದೆ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅದನ್ನು ಮುನ್ನಡೆಸಿದ ಶ್ರೀ ಪಡ್ರೆಯವರು ಕಾಸರಗೋಡು ಜಿಲ್ಲೆಯವರೆಂಬುದು ನಮಗೆ ಹೆಮ್ಮೆ. ತೋಟದವರ ಅನುಭವಕ್ಕೆ ದೊರೆತ ಈ ಮನ್ನಣೆ ದುಡಿಯುವವರ ಅನುಭವಕ್ಕೂ ದೊರೆಯಬೇಕು.

ಅಂತಹ ಕಥೆಯನ್ನು ಬರೆಯುವವರು ಗಮನಿಸಬೇಕಾದ ಅಂಶಗಳು ಇವು:

1. ಕಥೆಯ ನಾಯಕ ಕಲಿತವನು. ಸಂಸ್ಥೆಯಲ್ಲ, ಉದ್ಘಾಟಕರೂ ಅಲ್ಲ. ಅವನ ಮಾತು ಅವನದೇ ನುಡಿಯಲ್ಲಿರಲಿ. ಪ್ರಕಟಣೆಗೆ ಅವನ ಒಪ್ಪಿಗೆಯಿರಲಿ.

2. ಅಡ್ಡಿಗಳನ್ನು ಮುಚ್ಚಿಡಬಾರದು. ಮೊದಲ ದಿನದ ನಡುಕ, ಮನೆಯವರ ಆಕ್ಷೇಪ, ನೆರೆಯವರ ಕುಹಕ ಎಲ್ಲವೂ ಬರಲಿ. ಅಡ್ಡಿಯಿಲ್ಲದ ಕಥೆಯನ್ನು ಯಾರೂ ನಂಬರು.

3. ಅಪಾಯವನ್ನು ಹೇಳಲೇಬೇಕು. ಬರಿಯ ಗಳಿಕೆಯ ಕಥೆ ಕೇಳಿ ಸುರಕ್ಷಾ ಪಟ್ಟಿಯಿಲ್ಲದೆ ಮರವೇರಿದವನು ಬಿದ್ದರೆ, ಕಥೆ ಹೇಳಿದವನೂ ಹೊಣೆಗಾರನೇ.

4. ವಿವರ ಖಚಿತವಾಗಿರಲಿ: ಕಲಿಕೆಗೆ ಎಷ್ಟು ದಿನ, ಮರವೊಂದಕ್ಕೆ ಎಷ್ಟು ಕೂಲಿ, ಕೆಲಸವಿಲ್ಲದ ತಿಂಗಳುಗಳು ಯಾವುವು, ವಿಮೆ ಯಾವುದಕ್ಕೆ ಅನ್ವಯ.

5. ಕೇಳುವವರ ಭಾಷೆಯಲ್ಲಿ ಕಥೆ ತಲುಪಲಿ. ಮಲಯಾಳದ ಪ್ರಕಟಣೆಯನ್ನು ಓದಲಾರದ ಕನ್ನಡ ಮನೆಯ ಪಾಲಿಗೆ ಆ ಯೋಜನೆ ಇದ್ದೂ ಇಲ್ಲದಂತೆ.

ಕೊನೆಯ ಅಂಶ ಗಡಿನಾಡಿನ ಕನ್ನಡ ಶಾಲೆಗೆ ನೇರವಾಗಿ ಸಂಬಂಧಿಸಿದ್ದು. ಭಾಷೆ ಹಬ್ಬದ ದಿನದ ಭಾಷಣಕ್ಕೆ ಮಾತ್ರ ಉಳಿದರೆ ಸಾಲದು. ಅನ್ನದ ದಾರಿಯನ್ನು ತೋರುವ ನುಡಿಯೂ ಅದಾಗಬೇಕು. ಹಳೆ ವಿದ್ಯಾರ್ಥಿಗಳಲ್ಲಿ ಕೈಕಸುಬಿನಿಂದ ಬಾಳು ಕಟ್ಟಿಕೊಂಡವರು ತಮ್ಮ ಅನುಭವವನ್ನು ವರ್ಷಕ್ಕೊಮ್ಮೆಯಾದರೂ ಶಾಲೆಯ ಮಕ್ಕಳ ಮುಂದೆ ಹೇಳಲಿ; ಹಿರಿಯ ತರಗತಿಯ ಮಕ್ಕಳು ಅದನ್ನು ಬರೆದಿಡಲಿ. ಸುವರ್ಣ ಮಹೋತ್ಸವದ ಈ ವರ್ಷ ಅದಕ್ಕೆ ನಾಂದಿಯಾಗಲಿ.