ಕೋಶವಿಭಜನೆಯಲ್ಲಿ ಅಂತರಾವಸ್ಥೆ ಎಂದರೇನು?

ಹಳೇಬೀಡಿಗೆ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಮೆಟ್ಟಿಲುಕೊಳವೊಂದಿದೆ. ಅದನ್ನು ಕಾಣಲು ಬಂದವರ ದೃಷ್ಟಿಗೆ ಬೀಳುವುದು ಜೋಡಣೆಗೊಂಡ ಮೆಟ್ಟಿಲುಗಳು ಮತ್ತು ಕಿರುಗುಡಿಗಳು ಮಾತ್ರ. ಕಲ್ಲನ್ನು ಅಗೆದು ತೆಗೆದು, ಅಳೆದು, ಕಡೆದು ಸಿದ್ಧಪಡಿಸಿದ ಕಾಲವು ಕಣ್ಣಿಗೆ ಕಾಣದು. ಜೀವಕೋಶದ ವಿಭಜನೆಯನ್ನು ಅಭ್ಯಸಿಸುವ ವಿದ್ಯಾರ್ಥಿಗೂ ಇಂತಹುದೇ ತೊಡಕು ಎದುರಾಗುತ್ತದೆ. ಕಾಣುವ ಹಂತಗಳನ್ನು ಆತನು ಬೇಗ ಕಲಿಯುತ್ತಾನೆ. ಕಾಣದ ಸಿದ್ಧತೆಯನ್ನು ಮರೆಯುತ್ತಾನೆ. ಆ ಸಿದ್ಧತೆಯ ಕಾಲಕ್ಕೆ ಅಂತರಾವಸ್ಥೆ, ಅಂದರೆ ಇಂಟರ್‌ಫೇಸ್, ಎಂದು ಹೆಸರು.

ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಬಣ್ಣಹಾಕಿದ ಕೋಶಗಳಲ್ಲಿ ದಾರದಂತಹ ಎಳೆಗಳನ್ನು ವಿವರಿಸಿ, ದಾರವೆಂಬ ಅರ್ಥದ ಗ್ರೀಕ್ ಪದದಿಂದ ಈ ಕ್ರಿಯೆಗೆ ಮೈಟೋಸಿಸ್ ಎಂದು ಹೆಸರಿಟ್ಟನು. 1888ರಲ್ಲಿ ವಾಲ್ಡೆಯರ್ ಆ ಎಳೆಗಳನ್ನು ಕ್ರೋಮೊಸೋಮ್ ಎಂದು ಕರೆದನು. ಕನ್ನಡದಲ್ಲಿ ಅವು ವರ್ಣತಂತುಗಳು. ಎರಡು ವಿಭಜನೆಗಳ ನಡುವೆ ಈ ತಂತುಗಳು ಬಿಡಿಬಿಡಿಯಾಗಿ ತೋರುತ್ತಿರಲಿಲ್ಲ. ಆದುದರಿಂದ ಹಳೆಯ ಗ್ರಂಥಗಳು ಆ ಕಾಲವನ್ನು 'ವಿಶ್ರಾಂತಿ ಸ್ಥಿತಿ' ಎಂದು ಕರೆದವು. ಕಾಣದಿರುವುದನ್ನು ನಡೆಯದಿರುವುದೆಂದು ತಿಳಿದುದೇ ಈ ಹೆಸರಿನ ದೋಷ. 'ಅಂತರಾವಸ್ಥೆ' ಎಂಬ ಪದವು ಅಂತಹ ತಪ್ಪನ್ನು ಮಾಡುವುದಿಲ್ಲ. ಎರಡರ ನಡುವಣ ಅವಧಿ ಎಂದಷ್ಟೇ ಹೇಳುತ್ತದೆ.

ಆ ಅವಧಿಯಲ್ಲಿ ನಡೆಯುವುದೇನು? 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಆಲ್ಮಾ ಹೊವಾರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬುವರು ಬ್ರಾಡ್‌ಬೀನ್ ಎಂಬ ದ್ವಿದಳ ಸಸ್ಯದ ಬೇರುಗಳಿಗೆ ವಿಕಿರಣಶೀಲ ರಂಜಕವನ್ನು ಉಣಿಸಿ ಪರೀಕ್ಷಿಸಿದರು. ಹೊಸ ಡಿ.ಎನ್.ಎ. ನಿರ್ಮಾಣವಾಗುವುದು ಅಂತರಾವಸ್ಥೆಯ ಒಂದು ನಿರ್ದಿಷ್ಟ ಭಾಗದಲ್ಲಿ ಎಂಬುದು ಇದರಿಂದ ಸ್ಪಷ್ಟವಾಯಿತು. ಅಂದಿನಿಂದ ಈ ಅವಸ್ಥೆಯನ್ನು ಮೂರಾಗಿ ವಿಂಗಡಿಸುವುದು ರೂಢಿ. ಜಿ-1ರಲ್ಲಿ ಕೋಶವು ಬೆಳೆಯುತ್ತದೆ. ಎಸ್ ಹಂತದಲ್ಲಿ ಡಿ.ಎನ್.ಎ. ಇಮ್ಮಡಿಯಾಗುತ್ತದೆ, ಜಿ-2ರಲ್ಲಿ ವಿಭಜನೆಗೆ ಬೇಕಾದ ಕೊನೆಯ ಸಿದ್ಧತೆ ನಡೆಯುತ್ತದೆ.

ಪರೀಕ್ಷೆಗಳಲ್ಲಿ ತಪ್ಪುವುದು ಇಲ್ಲಿಯೇ. ಪ್ರತಿ ವರ್ಣತಂತುವೂ ಎರಡೆಳೆಯಾಗಿ ಮೊದಲು ಕಾಣುವುದು ಪೂರ್ವಾವಸ್ಥೆಯಲ್ಲಿ. ಆದುದರಿಂದ ಇಮ್ಮಡಿಯಾಗುವುದೂ ಅಲ್ಲಿಯೇ ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ವಾಸ್ತವವಾಗಿ ಆ ಕೆಲಸ ಮೊದಲೇ ಮುಗಿದಿರುತ್ತದೆ. ಈರುಳ್ಳಿಯ ಕೋಶದಲ್ಲಿ 16 ವರ್ಣತಂತುಗಳಿವೆ. ಎಸ್ ಹಂತದ ಅನಂತರವೂ ಅವು 16ಎ. ಆದರೆ ಒಂದೊಂದರಲ್ಲಿಯೂ ಅಂಟಿಕೊಂಡ ಎರಡು ಎಳೆಗಳಿರುವುದರಿಂದ ಎಳೆಗಳ ಸಂಖ್ಯೆ 32.

ಈ ಮಾತನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಈರುಳ್ಳಿಯ ಬುಡವು ನೀರಿಗೆ ತಾಗುವಂತೆ ಸೀಸೆಯ ಬಾಯಿಯ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಬೇರು ಮೂಡುತ್ತದೆ. ಬೇರಿನ ತುದಿಯನ್ನು ಕತ್ತರಿಸಿ, ಅಸಿಟೋಕಾರ್ಮೈನ್ ಬಣ್ಣಹಾಕಿ, ಗಾಜಿನ ಬಿಲ್ಲೆಗಳ ನಡುವೆ ಅದುಮಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೂರು ಕೋಶಗಳನ್ನು ಎಣಿಸಿದರೆ ಬಹುಪಾಲು ಅಂತರಾವಸ್ಥೆಯಲ್ಲಿಯೇ ಇರುತ್ತವೆ. ಹೆಚ್ಚು ಕಾಲ ಹಿಡಿಯುವ ಹಂತದಲ್ಲಿಯೇ ಹೆಚ್ಚು ಕೋಶಗಳು ಸಿಕ್ಕುವುದು ಸಹಜ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶವೊಂದಕ್ಕೆ ಚಕ್ರವನ್ನು ಪೂರೈಸಲು ಸುಮಾರು 24 ಗಂಟೆ ಬೇಕಾದರೆ, ವಿಭಜನೆಗೆ ಸಲ್ಲುವುದು ಅದರಲ್ಲಿ ಸುಮಾರು 1 ಗಂಟೆ ಮಾತ್ರ.

ಇದು ಕೇವಲ ಪದಗಳ ವಿಚಾರವಲ್ಲ. ಕೋಶಗಳು ಹತೋಟಿಮೀರಿ ವಿಭಜಿಸುವುದೇ ಅರ್ಬುದರೋಗ. ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧವು ಎಸ್ ಹಂತದಲ್ಲಿ ಡಿ.ಎನ್.ಎ. ನಿರ್ಮಾಣವನ್ನು ತಡೆಯುತ್ತದೆ. ಹಿತ್ತಿಲುಗಳಲ್ಲಿ ಅರಳುವ ನಿತ್ಯಪುಷ್ಪದಿಂದ ದೊರೆಯುವ ವಿನ್‌ಕ್ರಿಸ್ಟಿನ್, ವರ್ಣತಂತುಗಳನ್ನು ಎಳೆಯುವ ಕದಿರನ್ನು ಕೆಡಿಸಿ ಮಧ್ಯಾವಸ್ಥೆಯಲ್ಲಿ ವಿಭಜನೆಯನ್ನು ನಿಲ್ಲಿಸುತ್ತದೆ. ಯಾವ ಹಂತದಲ್ಲಿ ಯಾವ ಕೆಲಸ ನಡೆಯುತ್ತದೆಂಬುದನ್ನು ಅರಿಯದೆ ಇವುಗಳ ಪ್ರಭಾವವನ್ನು ತಿಳಿಯಲಾಗದು.

ವಿಭಜನೆಯ ಚಕ್ರವನ್ನೇ ಬಿಟ್ಟುನಿಂತ ಕೋಶಗಳೂ ಉಂಟು. ಆ ಸ್ಥಿತಿಗೆ ಜಿ-ಸೊನ್ನೆ ಎಂದು ಹೆಸರು. ಬಲಿತ ನರಕೋಶಗಳು ಇದಕ್ಕೆ ಉದಾಹರಣೆ. ಅವು ಸಹ ಸುಮ್ಮನಿರುವುದಿಲ್ಲ. ವಿಭಜಿಸದೆ ತಮ್ಮ ಕರ್ತವ್ಯವನ್ನು ನಡೆಸುತ್ತಿರುತ್ತವೆ.

ಆದುದರಿಂದ ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ವಿಭಜನೆಯ ನಾಲ್ಕು ಚಿತ್ರಗಳನ್ನು ಬರೆಯುವ ಮೊದಲು 24 ಗಂಟೆಗಳ ಒಂದು ವೃತ್ತವನ್ನು ಬರೆಯುವುದು ಒಳ್ಳೆಯದು. ನಾಲ್ಕು ಚಿತ್ರಗಳೂ ಅದರ ಒಂದು ಗಂಟೆಯೊಳಗೆ ಅಡಗುತ್ತವೆ. ಉಳಿದ 23 ಗಂಟೆಗಳಲ್ಲಿ ಕೋಶವು ಏನು ಮಾಡುತ್ತಿತ್ತೆಂಬ ಪ್ರಶ್ನೆ ಆಗ ವಿದ್ಯಾರ್ಥಿಯಿಂದಲೇ ಬರುತ್ತದೆ.