ಹೊಟ್ಟೆಯ ನೀರಿಗೆ ಸೋಂಕು ತಗಲಿದರೆ

ಲಿವರ್ ಸಿರೋಸಿಸ್ ಆದವರ ಹೊಟ್ಟೆಯಲ್ಲಿ ನೀರು ತುಂಬುವುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳು ಕಂಡಿವೆ. ಕಾರಣ ಕುಡಿತ, ಹೆಪಟೈಟಿಸ್ ಬಿ ಅಥವಾ ಸಿ, ಇಲ್ಲವೇ ಫ್ಯಾಟಿ ಲಿವರ್. ಕರುಳಿನ ಬ್ಯಾಕ್ಟೀರಿಯಾ ಆ ನೀರಿಗೆ ಸೇರಿತೆಂದರೆ ಚಿಕಿತ್ಸೆಗೆ ಸಿಗುವುದು ಕೆಲವೇ ಗಂಟೆ.

ಮೊದಲು ಲಕ್ಷಣ ಗಮನಿಸಿ: ಜ್ವರ, ಹೊಟ್ಟೆನೋವು, ಭೇದಿ, ಮೂತ್ರ ಕಡಿಮೆಯಾಗುವುದು, ಹಗಲೆಲ್ಲ ಮಂಪರು, ಮಾತಿನಲ್ಲಿ ಗೊಂದಲ. ಇವುಗಳಲ್ಲಿ ಒಂದು ಕಂಡರೂ ಸಾಕು. ಜ್ವರವೇ ಇಲ್ಲದೆಯೂ ಸೋಂಕು ಇರಬಹುದು. ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಿಸಬೇಡಿ, ಮೊದಲೇ ಸೋತಿರುವ ಕಿಡ್ನಿ ಕೈಕೊಡುತ್ತದೆ.

ಹಳೆಯ ಫೈಲ್ ಹಿಡಿದು, ರಾತ್ರಿಯೂ ಲ್ಯಾಬ್ ತೆರೆದಿರುವ ಆಸ್ಪತ್ರೆಗೆ ಹೊರಡಿ. 108 ಕ್ಕೆ ಕರೆ ಮಾಡಿ. ಬೆಳ್ತಂಗಡಿಯಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್ ದಾರಿ. ನಾಳೆ ನೋಡೋಣ ಎಂದು ಕೂರುವುದು ಬೇಡ.

ಹೆಚ್ಚಿನವರು ತಪ್ಪುವುದು ಆಸ್ಪತ್ರೆಗೆ ಬಂದ ಮೇಲೆ. ಡಾಕ್ಟರು ಸೂಜಿ ಹಾಕಿ ನೀರು ತೆಗೆಯಬೇಕು ಎಂದ ಕೂಡಲೇ ಮನೆಯವರು ಹಿಂಜರಿಯುತ್ತಾರೆ. 'ಒಮ್ಮೆ ತೆಗೆದರೆ ಮತ್ತೆ ಮತ್ತೆ ತುಂಬುತ್ತದೆ, ಜೀವ ಇಳಿದುಹೋಗುತ್ತದೆ' ಎಂಬ ಭಯ ಊರೂರಲ್ಲೂ ಇದೆ. ನೀರು ತುಂಬುವುದು ಲಿವರ್ ಕೆಟ್ಟಿದ್ದರಿಂದ, ಸೂಜಿಯಿಂದ ಅಲ್ಲ. ಪರೀಕ್ಷೆಗೆ ಬೇಕಾದದ್ದು ಒಂದೆರಡು ಸಿರಿಂಜ್‌ನಷ್ಟು ನೀರು ಮಾತ್ರ, ಕೆಲವೇ ನಿಮಿಷಗಳ ಕೆಲಸ. ಸ್ಕ್ಯಾನಿಂಗ್ ನೀರನ್ನು ತೋರಿಸಬಹುದು, ಅದರೊಳಗಿನ ಸೋಂಕನ್ನಲ್ಲ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾಖಲಾಗಿ 12 ಗಂಟೆ ಕಳೆದ ಮೇಲೆ ನೀರು ತೆಗೆಸಿಕೊಂಡವರಲ್ಲಿ ಸಾವಿನ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು. ಹಾಗಾಗಿ ಒಪ್ಪಿಗೆಗೆ ಕೂಡಲೇ ಸಹಿ ಹಾಕಿ. ಸಾಧ್ಯವಾದಷ್ಟೂ ಆಂಟಿಬಯೋಟಿಕ್ ಶುರುವಾಗುವ ಮೊದಲೇ ನೀರು ತೆಗೆಯಲಿ. ಆಮೇಲೆ ತೆಗೆದರೆ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಅದು ಸಿಗದೆ ಹೋಗಬಹುದು.

ಕಣ ಎಣಿಕೆಯ ವರದಿ ಅಂದೇ ಬರಬೇಕು, ಕೇಳಿ ಪಡೆಯಿರಿ. ಒಂದು ಘನ ಮಿಲಿಮೀಟರ್ ನೀರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಲ್ಚರ್‌ಗೆ ಕಾಯದೆ ನರಕ್ಕೆ ಆಂಟಿಬಯೋಟಿಕ್ ಕೊಡುತ್ತಾರೆ. ಜೊತೆಗೆ ಅಲ್ಬುಮಿನ್ ಎಂಬ ಪ್ರೋಟೀನ್ ದ್ರಾವಣ ಬೇಕೇ ಎಂದು ವಿಚಾರಿಸಿ. ಸ್ಪೇನ್‌ನ 1999ರ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ ಆಸ್ಪತ್ರೆಯಲ್ಲೇ ಸತ್ತವರು ಶೇ 10, ಪಡೆಯದವರಲ್ಲಿ ಶೇ 29. ಬಾಟಲಿ ದುಬಾರಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡನ್ನು ದಾಖಲಾಗುವಾಗಲೇ ತೋರಿಸಿ.

ಒಮ್ಮೆ ಬಂದ ಸೋಂಕು ವರ್ಷದೊಳಗೆ ಮರುಕಳಿಸುವ ಸಂಭವ ಹೆಚ್ಚು. ತಡೆಗೆಂದು ಬರೆದುಕೊಟ್ಟ ಆಂಟಿಬಯೋಟಿಕ್ ಮಾತ್ರೆಯನ್ನು ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ. ಮದ್ಯ ಪೂರ್ತಿ ಬಿಡಬೇಕು. ಕುಚ್ಚಲಕ್ಕಿ ಗಂಜಿ ಆಗಬಹುದು, ಉಪ್ಪಿನಕಾಯಿ ಮತ್ತು ಒಣಮೀನು ಬೇಡ.